ನಮ್ಮ ಬರದ ಬೇರು ಕಡಲಿನಲ್ಲಿದೆ!

ಎತ್ತ ತಿರುಗಿದರೂ ನೀರು! ಬೋಟು ಮಲ್ಪೆಯ ದಕ್ಕೆ ಬಿಟ್ಟು ಇನ್ನೂ ಹತ್ತು ನಿಮಿಷವಾಗಿಲ್ಲ, ಹಿಂದೆ ಉಳಿದ ನೆಲ ಒಂದು ಹಸಿರು ಗೆರೆಯಷ್ಟೇ. ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ಹರಿಯಿತೆಂದರೆ ಊರೂರಿಗೆ ಸುದ್ದಿಯಾಗುವ ಸೀಮೆ ನಮ್ಮದು. ವೈ.ಎನ್.ಹೊಸಕೋಟೆಯಿಂದ ಬಂದ ನಮ್ಮ ಗುಂಪಿನ ಅಜ್ಜಿಯೊಬ್ಬರು ಅಲೆಯ ಹನಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು, "ನಿಜವಾಗ್ಲೂ ಉಪ್ಪೇ ಕಣಪ್ಪಾ!" ಎಂದು ಕೂಗಿದರು. ಬಿಸಿಲು ನಮ್ಮೂರಿನದೇ, ಗಾಳಿ ಮಾತ್ರ ಒದ್ದೆ.

ಆರು ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪ ಕಣ್ಣಿಗೆ ಬಿತ್ತು. ಮೊದಲು ತೆಂಗು, ಆಮೇಲೆ ಕಪ್ಪು ಬಂಡೆ. ಇಳಿದು ಹತ್ತಿರ ಹೋದರೆ, ಬಂಡೆ ಎಲ್ಲಿ? ಎಲ್ಲ ಕಂಬಗಳು! ಒಂದಕ್ಕೊಂದು ಒತ್ತಿ ನಿಂತ ಕಲ್ಲುಕಂಬಗಳು. ಒಂದಕ್ಕೆ ಐದು ಮುಖ, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಏಳು. ಯಾವ ಉಳಿಯೂ ತಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳ ಒಣಗಿ ಬಿಲ್ಲೆಬಿಲ್ಲೆಯಾಗಿ ಬಿರಿಯುವುದಿಲ್ಲವೆ? ಹಾಗೆಯೇ ಇಲ್ಲಿ ಲಾವಾರಸ ಆರುತ್ತಾ, ಕುಗ್ಗುತ್ತಾ, ಆಳದವರೆಗೂ ಬಿರಿದಿದೆ.

ಯಾವಾಗ? ಸುಮಾರು 8.8 ಕೋಟಿ ವರ್ಷಗಳ ಹಿಂದೆ! ಆಗ ಮಡಗಾಸ್ಕರ್ ನಮ್ಮ ಮಗ್ಗುಲಲ್ಲೇ ಇತ್ತು. ನೆಲ ಸೀಳಿತು, ಲಾವಾ ಉಕ್ಕಿತು, ಮಡಗಾಸ್ಕರ್ ಕಳಚಿಕೊಂಡಿತು, ನಡುವೆ ಕಡಲು ನುಗ್ಗಿತು. ಅದೇ ಕಾಲದ ಲಾವಾಶಿಲೆ ಮಡಗಾಸ್ಕರಿನಲ್ಲೂ ಇದೆ. ಈ ದ್ವೀಪ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯೂ ಇದೆ. ಆ ಕಲ್ಲುಗಳ ಮುಂದೆ ಅದು ನಿನ್ನೆಯ ಮಾತು. ನಮ್ಮ ಪಾವಗಡದ ಬೆಟ್ಟಗಳ ಗ್ರಾನೈಟಿಗೋ ಸುಮಾರು 250 ಕೋಟಿ ವರ್ಷ. ಅದು ಈ ಸೀಳನ್ನೂ ಕಂಡಿದೆ!

ನನ್ನನ್ನು ನಿಂತಲ್ಲೇ ನಿಲ್ಲಿಸಿದ ಸಂಗತಿ ಇನ್ನೊಂದು. ಪಶ್ಚಿಮ ಘಟ್ಟದ ಕಡಿದಾದ ಅಂಚಿಗೂ ಭೂಖಂಡಗಳ ಈ ಅಗಲಿಕೆಗೂ ನಂಟಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಮುಂಗಾರಿನ ಮೋಡ ಆ ಘಟ್ಟಕ್ಕೆ ಬಡಿದು ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುತ್ತದೆ, ಪಾವಗಡಕ್ಕೆ ಬರುವಷ್ಟರಲ್ಲಿ 600 ಮಿ.ಮೀ. ಸಿಕ್ಕರೆ ಪುಣ್ಯ. ಶೇಂಗಾ ಬಿತ್ತಿ ಆಕಾಶ ನೋಡುತ್ತಾ ಕೂರುವ ನಮ್ಮ ರೈತನ ಕಥೆ ಶುರುವಾದದ್ದು ಇಲ್ಲಿ, ನೆಲ ಸೀಳಿದ ಆ ಕಾಲದಲ್ಲಿ!

ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ. ದಸರಾ ಕಳೆದ ಮೇಲೆ ಹೊರಡಿ. ಹೊಸಕೋಟೆಯ ಮೇಷ್ಟ್ರುಗಳೇ, ಮೇಡಂಗಳೇ, ಮಕ್ಕಳ ಪ್ರವಾಸಕ್ಕೆ ಈ ದ್ವೀಪವನ್ನು ಸೇರಿಸಿ; ಅಲ್ಲಿನ ಚಿಪ್ಪು, ಕಲ್ಲಿನ ಚೂರು ಯಾವುದೂ ಯಾರ ಜೇಬಿಗೂ ಸೇರದಂತೆ ನೋಡಿಕೊಳ್ಳಿ.