ಒಂದೇ ಗಿಡ, ಎರಡು ನ್ಯಾಯ

ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಈಚೆಗೆ ‘ಹೆಂಪ್’ ಎಂಬ ಹೆಸರಿನ ಬೀಜ, ಎಣ್ಣೆ, ಸಾಬೂನು, ಬಟ್ಟೆಗಳು ಮಾರಾಟಕ್ಕೆ ಬಂದಿರುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಒಬ್ಬ ಗೃಹಸ್ಥನು ಅದನ್ನು ಸೆಣಬೆಂದು ತಿಳಿದು ನಿಶ್ಚಿಂತನಾಗಿ ಕೊಳ್ಳುವನು. ಇನ್ನೊಬ್ಬನು ಅದು ಗಾಂಜಾ ಗಿಡದ ಪದಾರ್ಥವೆಂದು ಕೇಳಿ ಬೆದರಿ ಹಿಂದೆಗೆಯುವನು. ಇವರಿಬ್ಬರಲ್ಲಿ ಯಾರ ತಿಳಿವಳಿಕೆ ಸರಿಯಾದುದು?

ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ಗೋಣಿಚೀಲಕ್ಕೆ ನಾರು ಕೊಡುವ ಸೆಣಬು ಬೇರೆ. ರೈತರು ಹಸುರುಗೊಬ್ಬರಕ್ಕಾಗಿ ಬಿತ್ತುವ ಅಪ್ಸೆಣಬು ಬೇರೆ. ಹೆಂಪ್ ಎಂಬುದು ಇವೆರಡೂ ಅಲ್ಲ. ಅದು ಸಾಕ್ಷಾತ್ ಭಂಗಿಯ ಗಿಡವೇ. ಹೆಣ್ಣುಗಿಡದ ಹೂಗೊನೆ ಗಾಂಜಾ, ಅದರಿಂದ ಒಸರುವ ಅಂಟು ಚರಸ್, ಎಲೆ ಭಂಗಿ. ಮತ್ತೇರಿಸುವ ಸತ್ವವು ಮುಖ್ಯವಾಗಿ ಹೂವಿನ ಅಂಟಿನಲ್ಲಿರುವುದು. ಕಾಂಡದ ನಾರಿನಲ್ಲಿಯೂ ಬೀಜದ ತಿರುಳಿನಲ್ಲಿಯೂ ಅದು ಇಲ್ಲವೆನ್ನುವಷ್ಟು ಅಲ್ಪ.

ಹಿಮಾಲಯದ ತಪ್ಪಲಿನ ಕುಮಾವೂ ಮತ್ತು ಗಢವಾಲ ಸೀಮೆಯವರಿಗೆ ಈ ಭೇದವು ಹೊಸತಲ್ಲ. ಅಲ್ಲಿನ ಜನರು ಕಾಂಡವನ್ನು ನೀರಿನಲ್ಲಿ ನೆನೆಯಿಟ್ಟು ಕೊಳೆಯಿಸಿ, ನಾರು ಬಿಡಿಸಿ, ಹಗ್ಗವನ್ನೂ ಚೀಲವನ್ನೂ ಒರಟು ಬಟ್ಟೆಯನ್ನೂ ಮಾಡುತ್ತಿದ್ದರು. ಬೀಜವನ್ನು ಹುರಿದು ಅರೆದ ಚಟ್ನಿಯು ಇಂದಿಗೂ ಅಲ್ಲಿನ ಮನೆಗಳಲ್ಲಿ ನಿತ್ಯದ ವ್ಯಂಜನ, ಅದನ್ನುಂಡು ಮತ್ತೇರುವುದಿಲ್ಲ.

ಈ ಗಿಡದ ವಿಷಯದಲ್ಲಿ ರಾಜ್ಯಾಡಳಿತದ ವಿಚಾರವೂ ಹಳೆಯದೇ. 1893ರಲ್ಲಿ ಆಂಗ್ಲ ಸರಕಾರವು ನೇಮಿಸಿದ ಆಯೋಗವು ದೇಶದಲ್ಲೆಲ್ಲ ಸಾಕ್ಷ್ಯ ಪಡೆದು, ಸಂಪೂರ್ಣ ನಿಷೇಧವು ಯುಕ್ತವಲ್ಲ, ಸುಂಕ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡುವುದೇ ಲೇಸೆಂದು 1894ರಲ್ಲಿ ವರದಿ ಒಪ್ಪಿಸಿತು. 1961ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾವನ್ನು ಬಿಗಿಯಾಗಿ ನಿರ್ಬಂಧಿಸಿದರೂ, ನಾರು ಬೀಜಗಳಿಗಾಗಿ ಮಾಡುವ ಸಾಗುವಳಿಯನ್ನು ಹೊರಗಿಟ್ಟಿತು. ಭಾರತದ 1985ರ ಮಾದಕದ್ರವ್ಯಗಳ ಕಾಯಿದೆಯೂ ಇದೇ ಹಾದಿ ಹಿಡಿದಿದೆ. ಅಪ್ಪಣೆಯಿಲ್ಲದೆ ಈ ಗಿಡವನ್ನು ಬೆಳೆದವನಿಗೆ ಹತ್ತು ವರ್ಷಗಳವರೆಗೆ ಕಠಿಣ ಸೆರೆವಾಸವನ್ನು ವಿಧಿಸಬಹುದು. ಆದರೆ ನಾರು ಬೀಜಗಳಿಗಾಗಿ ಬೆಳೆಯಲು ಸರಕಾರವು ಅನುಮತಿ ಕೊಡಬಹುದೆಂದು ಅದರಲ್ಲಿಯೇ ಹೇಳಿದೆ.

ಈ ಬಾಗಿಲು ಬಹುಕಾಲ ತೆರೆಯಲ್ಪಡದೆ ಇದ್ದಿತು. 2018ರಲ್ಲಿ ಉತ್ತರಾಖಂಡವು ದೇಶದಲ್ಲಿ ಮೊದಲನೆಯದಾಗಿ ಪರವಾನಗಿಯ ಮೇಲೆ ಸಾಗುವಳಿಗೆ ಒಪ್ಪಿತು. ಕೋತಿ, ಕಾಡುಹಂದಿಗಳ ಕಾಟದಿಂದಲೂ ಮಳೆಯನ್ನೇ ನಂಬಿದ ಬೇಸಾಯದಿಂದಲೂ ಬೇಸತ್ತ ಬೆಟ್ಟದ ರೈತರು ಹಳ್ಳಿಗಳನ್ನೇ ಬರಿದುಮಾಡಿ ಬಯಲಿಗಿಳಿಯುತ್ತಿದ್ದ ಸೀಮೆಯದು. ಅಲ್ಲಿ ಒಂದು ಆದಾಯದ ಬೆಳೆಯು ಸಣ್ಣ ಮಾತಲ್ಲ. ಆದರೆ ಒಂದು ಕರಾರುಂಟು: ಗಿಡದಲ್ಲಿ ಮಾದಕಾಂಶವು ನೂರಕ್ಕೆ 0.3ನ್ನು ಮೀರಕೂಡದು. ಈ ಅಂಕೆಯ ಮೂಲವು ಸ್ವಾರಸ್ಯವಾದುದು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು ಗಿಡಗಳನ್ನು ವಿಂಗಡಿಸುವ ಅನುಕೂಲಕ್ಕಾಗಿ ಎಳೆದ ಗೆರೆಯದು. ಅದೇ ಮುಂದೆ ಅಮೆರಿಕವೇ ಮೊದಲಾದ ದೇಶಗಳ ಶಾಸನವಾಯಿತು. ಬೆಟ್ಟದ ನಾಡತಳಿಗಳಾದರೋ ಅನೇಕ ವೇಳೆ ಈ ಗೆರೆಯನ್ನು ದಾಟುತ್ತವೆ. ಅಜ್ಜನ ಕಾಲದ ಬೀಜವನ್ನು ಬಿತ್ತಿದ ರೈತನು ಯಾವ ದುರುದ್ದೇಶವೂ ಇಲ್ಲದೆ ಅಪರಾಧಿಯಾಗಬಹುದು. ಗೆರೆಯೊಳಗೆ ನಿಲ್ಲುವ ಬೀಜವನ್ನು ಹೊರಗಿನಿಂದ ಕೊಳ್ಳಬೇಕಾದರೆ ಬಡವನಿಗೆ ಹಣವೆಲ್ಲಿ? ಪರೀಕ್ಷಿಸಿದ ಒಳ್ಳೆಯ ಬೀಜವನ್ನು ರೈತನಿಗೆ ಒದಗಿಸದೆ ಬರಿಯ ಪರವಾನಗಿಯನ್ನು ಕೊಡುವುದು, ನೇಗಿಲನ್ನು ಕೊಟ್ಟು ಎತ್ತನ್ನು ಕೊಡದಂತೆಯೇ ಸರಿ.

ಇನ್ನು ಮಾರಾಟದ ಮಾತು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಅಂಗೀಕರಿಸಿ, ಅವುಗಳಲ್ಲಿ ಮಾದಕಾಂಶವು ಎಷ್ಟನ್ನು ಮೀರಬಾರದೆಂದು ಮಿತಿಯನ್ನು ಗೊತ್ತುಮಾಡಿತು. ಆದುದರಿಂದ ಬೀಜವನ್ನು ಕೊಳ್ಳುವ ಗೃಹಿಣಿಯು ಅಂಜಬೇಕಾದುದಿಲ್ಲ. ಆದರೆ ಎಲೆಯ ಸಾರದಿಂದ ಮಾಡಿದ ತೈಲ, ಗುಳಿಗೆಗಳು ಆಹಾರವಲ್ಲ, ಔಷಧ. ಆಯುರ್ವೇದದಲ್ಲಿ ‘ವಿಜಯಾ’ ಎಂದು ಹೆಸರಾದ ಈ ದ್ರವ್ಯವು ಔಷಧಿಗಳ ಕಾಯಿದೆಯ ವಿಷದ್ರವ್ಯಗಳ ಪಟ್ಟಿಯಲ್ಲಿದ್ದು, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕುದು. ಸೀಸೆಗಳು ಒಂದೇ ಬಗೆಯಾಗಿ ಕಂಡರೂ ಒಳಗಿನ ಪದಾರ್ಥವು ಒಂದೇ ಅಲ್ಲ. ಆದುದರಿಂದ ಚೀಟಿಯಲ್ಲಿ ‘ಬೀಜದ ಎಣ್ಣೆ’ ಎಂದಿದೆಯೋ ‘ಎಲೆಯ ಸಾರ’ ಎಂದಿದೆಯೋ, ಪರವಾನಗಿಯ ಸಂಖ್ಯೆಯು ಆಹಾರದ್ದೋ ಔಷಧದ್ದೋ ಎಂಬುದನ್ನು ಓದಿ ನೋಡಿಯೇ ಕೊಳ್ಳಬೇಕು. ಎಳೆಯ ಮಕ್ಕಳೂ ಗರ್ಭಿಣಿಯರೂ ಇರುವ ಮನೆಯಲ್ಲಂತೂ ಈ ಎಚ್ಚರವು ಅವಶ್ಯ.

ಮೊದಲಿನ ಇಬ್ಬರು ಗೃಹಸ್ಥರಲ್ಲಿ ಒಬ್ಬನ ನಿಶ್ಚಿಂತೆಯೂ ಇನ್ನೊಬ್ಬನ ಭೀತಿಯೂ ಅರೆತಿಳಿವಿನಿಂದ ಹುಟ್ಟಿದವು. ಗಿಡವು ತಾನಾಗಿ ಪಾಪಿಯೂ ಅಲ್ಲ, ಪುಣ್ಯವಂತವೂ ಅಲ್ಲ. ನಾರನ್ನು ನಾರೆಂದೂ ಮತ್ತನ್ನು ಮತ್ತೆಂದೂ ಬೇರ್ಪಡಿಸಿ ನೋಡುವುದು ಶಾಸನದ ಕರ್ತವ್ಯ. ಚೀಟಿಯನ್ನೋದಿ ಕೊಳ್ಳುವುದು ನಮ್ಮ ಕರ್ತವ್ಯ. ಇವೆರಡೂ ನೆರವೇರಿದರೆ ಬೆಟ್ಟದ ರೈತನ ಹೊಲವೂ ನಮ್ಮ ಮಕ್ಕಳ ಆರೋಗ್ಯವೂ ಒಟ್ಟಿಗೆ ಉಳಿಯುವವು.