ಫ್ಲೂ ಲಸಿಕೆ: ಮಗುವಿಗೆ ಎಷ್ಟು ರಕ್ಷಣೆ?

ಮೃಗಶಿರಾ ಮಳೆ ಬಿದ್ದು ತೊಗರಿ ಬಿತ್ತನೆ ಶುರುವಾಯಿತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಲ್ಲಿ ಮಕ್ಕಳ ಕೆಮ್ಮು, ಜ್ವರವೂ ಶುರು. ಆಗ ತಾಯಂದಿರು ಕೇಳುವ ಮಾತು: 'ಡಾಕ್ಟರ್ ಸಾಹೇಬ್ರೆ, ರೊಕ್ಕ ಕೊಟ್ಟು ಫ್ಲೂ ಸೂಜಿ ಮಾಡಿಸೀವಿ, ಆದ್ರೂ ಕೂಸಿಗಿ ನೆಗಡಿ ಬಂದದಲ್ರಿ?' ಪ್ರಶ್ನೆ ಸಹಜವೇ.

ನೆಗಡಿ ಬೇರೆ, ಫ್ಲೂ ಬೇರೆ

ನೆಗಡಿ ತರುವ ವೈರಸ್‌ಗಳು ಹಲವಾರು. ಫ್ಲೂ ಬರುವುದು ಇನ್‌ಫ್ಲುಯೆಂಜಾ ವೈರಸ್‌ನಿಂದ ಮಾತ್ರ. ಒಮ್ಮೆಲೇ ಏರುವ ಜ್ವರ, ಮೈಕೈ ನೋವು, ಒಣ ಕೆಮ್ಮು, ಸುಸ್ತು ಇದರ ಲಕ್ಷಣಗಳು. ಲಸಿಕೆ ತಡೆಯುವುದು ಇದೊಂದನ್ನೇ. ವಾಡಿ, ಶಹಾಬಾದ್‌ಗಳಲ್ಲಿ ಸಿಮೆಂಟ್ ಮತ್ತು ಕಲ್ಲುಗಣಿಯ ದೂಳಿನಿಂದ ಬರುವ ಕೆಮ್ಮಿಗೆ ಅದು ಮದ್ದಲ್ಲ.

ರಕ್ಷಣೆ ಎಷ್ಟು?

ದಡಾರದ ಲಸಿಕೆಗಿರುವಷ್ಟು ಬಲ ಇದಕ್ಕಿಲ್ಲ. ಫ್ಲೂ ವೈರಸ್ ಪದೇ ಪದೇ ರೂಪ ಬದಲಿಸುತ್ತದೆ. ಆ ವರ್ಷ ಹರಡುವ ವೈರಸ್‌ಗೆ ಲಸಿಕೆ ಚೆನ್ನಾಗಿ ಹೊಂದಿದರೆ ಫ್ಲೂ ಬರುವ ಸಂಭವ ಶೇ. 40ರಿಂದ 60ರಷ್ಟು ತಗ್ಗುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರಿಂದ ಮಕ್ಕಳಿಗೆ ಲಸಿಕೆ ಹಾಕಿ ಪರೀಕ್ಷಿಸಿದಾಗ ಮೊದಲ ವರ್ಷ ಸುಮಾರು ಶೇ. 25, ಎರಡನೇ ವರ್ಷ ಸುಮಾರು ಶೇ. 41ರಷ್ಟು ರಕ್ಷಣೆ ಕಂಡುಬಂತು.

'ಇಷ್ಟೇನಾ?' ಎನ್ನಬೇಡಿ. ರೋಗ ಉಲ್ಬಣಿಸದಂತೆ ತಡೆಯುವುದೇ ದೊಡ್ಡ ಲಾಭ. ಅಮೆರಿಕದಲ್ಲಿ 2010ರಿಂದ 2014ರವರೆಗಿನ ಅಧ್ಯಯನದಂತೆ, ಲಸಿಕೆ ಪಡೆದ ಮಕ್ಕಳಲ್ಲಿ ಫ್ಲೂವಿನಿಂದ ಸಾಯುವ ಸಂಭವ ಶೇ. 65ರಷ್ಟು ಕಡಿಮೆಯಿತ್ತು.

ಯಾರಿಗೆ, ಯಾವಾಗ?

ಭಾರತೀಯ ಮಕ್ಕಳ ವೈದ್ಯರ ಸಂಘವು 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಈ ಲಸಿಕೆಯನ್ನು ಸೂಚಿಸುತ್ತದೆ. ಉಬ್ಬಸ, ಹೃದ್ರೋಗ ಇರುವ ಮಕ್ಕಳಿಗಂತೂ ಅಗತ್ಯ. ಮೊದಲ ಸಲ ಹಾಕಿಸುವಾಗ 4 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಒಂದನ್ನೇ ಹಾಕಿಸಿ ಬಿಟ್ಟರೆ ರಕ್ಷಣೆ ಅರೆಬರೆ. ಶಕ್ತಿ ಬರಲು ಎರಡು ವಾರ ಹಿಡಿಯುವುದರಿಂದ ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ. ಗರ್ಭಿಣಿಯಿದ್ದಾಗ ತಾಯಿ ಹಾಕಿಸಿಕೊಂಡರೆ ಕೂಸಿಗೂ ಕಾವಲು. ಸೂಜಿ ಚುಚ್ಚಿದಲ್ಲಿ ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು, ಹೆದರಬೇಕಿಲ್ಲ.

ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಹಣದ ಅಡಚಣೆಯಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಪೆಂಟಾವೇಲೆಂಟ್, ನ್ಯುಮೋನಿಯಾ ತಡೆಯುವ ಪಿಸಿವಿ, ದಡಾರ-ರುಬೆಲ್ಲಾ ಲಸಿಕೆಗಳನ್ನು ತಪ್ಪದೆ ಪೂರ್ತಿ ಹಾಕಿಸಿ.

ತಡಮಾಡಬೇಡಿ

ಲಸಿಕೆ ಹಾಕಿಸಿದ್ದರೂ ಮಗುವಿನ ಉಸಿರಾಟವನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಲು ಕಲಿಯಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ಕೊಡಲೇಬಾರದು.