ನಿರಾಯುಧ ಯೋಧ ಎಮಿಲ್ ಕಪಾನ್

ಸೈನ್ಯದೊಡನೆ ರಣಭೂಮಿಗೆ ತೆರಳಿಯೂ ಶಸ್ತ್ರ ಹಿಡಿಯದ ಸೇನಾ ಧರ್ಮಗುರುಗಳ ಪರಂಪರೆಯಲ್ಲಿ, ಅಮೆರಿಕದ ಕ್ಯಾನ್ಸಸ್ ಸೀಮೆಯ ರೈತಕುಟುಂಬದಲ್ಲಿ 1916ರಲ್ಲಿ ಜನಿಸಿದ ಕ್ಯಾಥೊಲಿಕ್ ಪಾದ್ರಿ ಎಮಿಲ್ ಕಪಾನರ ಹೆಸರು ಚಿರಸ್ಮರಣೀಯವಾದುದು. 1950ರ ನವೆಂಬರಿನಲ್ಲಿ ಕೊರಿಯದ ಉನ್ಸಾನಿನಲ್ಲಿ ಚೀನೀ ಸೇನೆಯು ಅವರ ದಳವನ್ನು ಮುತ್ತಿದಾಗ, ಪಾರಾಗುವ ಅವಕಾಶವಿದ್ದರೂ ಗಾಯಾಳುಗಳನ್ನು ತೊರೆಯಲೊಲ್ಲದೆ ಅವರು ಸೆರೆಯಾದರು. ನೆಲಕ್ಕೊರಗಿದ್ದ ಸಾರ್ಜೆಂಟನೊಬ್ಬನಿಗೆ ಶತ್ರುಸೈನಿಕನು ಬಂದೂಕು ಗುರಿಯಿಟ್ಟಿರಲು, ನೇರವಾಗಿ ನಡೆದುಹೋಗಿ ಅವನನ್ನು ಪಕ್ಕಕ್ಕೆ ಸರಿಸಿ, ಗಾಯಾಳುವನ್ನು ತಾವೇ ಹೊತ್ತು ನಡೆದರು.

ಆದರೆ ಅವರ ನಿಜವಾದ ಮಹತ್ತ್ವವು ಪ್ರಕಟವಾದುದು, ನನ್ನ ಎಣಿಕೆಯಲ್ಲಿ, ಪ್ಯೊಕ್ಟಾಂಗಿನ ಸೆರೆಶಿಬಿರದಲ್ಲಿ. ಹಸಿವು, ಚಳಿ, ಆಮಶಂಕೆಗಳಿಂದ ಬಂದಿಗಳು ಸಾಯುತ್ತಿದ್ದ ಆ ಘೋರ ಶೀತಕಾಲದಲ್ಲಿ ಅವರು ತಗಡನ್ನು ಬಡಿದು ಪಾತ್ರೆ ಮಾಡಿ ನೀರು ಕಾಯಿಸಿದರು, ರೋಗಿಗಳ ಮಲಿನವಸ್ತ್ರಗಳನ್ನು ಒಗೆದರು, ಕಾವಲುಗಾರರ ಕಣ್ತಪ್ಪಿಸಿ ಧಾನ್ಯವನ್ನು ಕದ್ದು ತಂದು ಹಂಚಿದರು. ಹಾಗೆ ಹೊರಡುವ ಮುನ್ನ, ಯೇಸುವಿನೊಡನೆ ಶಿಲುಬೆಗೇರಿದ ಪಶ್ಚಾತ್ತಾಪಿ ಕಳ್ಳನಾದ ಸಂತ ಡಿಸ್ಮಾಸನನ್ನು ಪ್ರಾರ್ಥಿಸುತ್ತಿದ್ದರಂತೆ. (ಪರರ ಪ್ರಾಣಕ್ಕಾಗಿ ಗೈದ ಇಂಥ ಕಳವಿಗಿಂತ ಪವಿತ್ರವಾದ ಕರ್ಮವು ಮತ್ತಾವುದಿದ್ದೀತು!) 1951ರ ಮೇ 23ರಂದು ಅವರು ಅಲ್ಲಿಯೇ ಮೃತರಾದರು.

ಅವರನ್ನು ಎಂದೂ ಕಂಡಿರದ ಯಹೂದಿ ಬಂದಿಯೊಬ್ಬನು, ಸಹಬಂದಿಗಳ ಬಾಯಿಂದ ಕೇಳಿದ ಕಥೆಯಿಂದಲೇ ಪ್ರೇರಿತನಾಗಿ, ಅವರ ನೆನಪಿಗೆಂದು ಮರದಲ್ಲಿ ಶಿಲುಬೆಯೊಂದನ್ನು ಕೆತ್ತಿದನು. 1953ರಲ್ಲಿ ಬಿಡುಗಡೆಗೊಂಡ ಸೈನಿಕರು ಅದನ್ನು ಹೊತ್ತು ಹೊರಬಂದರು. ಅವರು ದಶಕಗಳ ಕಾಲ ಬಿಡದೆ ಸಾಕ್ಷ್ಯ ನುಡಿದುದರಿಂದ, 2013ರಲ್ಲಿ ಅಮೆರಿಕದ ಪರಮೋಚ್ಚ ಸೇನಾಗೌರವವಾದ ಮೆಡಲ್ ಆಫ್ ಆನರ್ ಕಪಾನರಿಗೆ ಸಂದಿತು.